ಇರುಳು ಬೇಟೆಯ ಕಟ್ಟಳೆಗಳು

ರಾಜ್ಯಶಾಸ್ತ್ರದ ವಿದ್ಯಾರ್ಥಿಯೊಬ್ಬನು ಜಿಂಕೆಯ ಬೇಟೆಯನ್ನು ಕುರಿತು ಬರೆಯುವುದೆಂದರೆ ಸಹಪಾಠಿಗಳಿಗೆ ನಗು ಬರಬಹುದು. ನನ್ನ ಕೊಠಡಿಯ ಗೆಳೆಯರಂತೂ ಆಗಲೇ ನಕ್ಕಿದ್ದಾರೆ. ಆದರೆ ಈ ವಿಷಯ ನನಗೆ ತರಗತಿಯಲ್ಲಿಯೇ ಸಿಕ್ಕಿತು. ಒಕ್ಕೂಟ ವ್ಯವಸ್ಥೆಯ ಪಾಠದಲ್ಲಿ ನಮ್ಮ ಉಪನ್ಯಾಸಕರು, ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳು ಕೇಂದ್ರ ಸರ್ಕಾರದೊಡನೆ ಮಾಡಿಕೊಂಡ ಹಳೆಯ ಒಪ್ಪಂದಗಳು ಇಂದಿಗೂ ಜೀವಂತ ಕಾನೂನುಗಳೆಂದೂ, ಅವುಗಳ ಬಲದಿಂದ ಒಂದು ಜನಾಂಗವು ರಾತ್ರಿಯ ಹೊತ್ತು ಜಿಂಕೆ ಹೊಡೆಯುವ ಹಕ್ಕನ್ನು ನ್ಯಾಯಾಲಯದಲ್ಲಿ ಗೆದ್ದಿತೆಂದೂ ಒಂದು ಮಾತು ಹೇಳಿ ಮುಂದಕ್ಕೆ ಹೋದರು. ಅವರು ಮುಂದಕ್ಕೆ ಹೋದರೂ ನಾನು ಅಲ್ಲಿಯೇ ನಿಂತುಬಿಟ್ಟೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲಿದೆ.

ನಾನು ತೀರ್ಥಹಳ್ಳಿ ಸೀಮೆಯವನು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಅಜ್ಜಯ್ಯನಿಗೆ ಓದು ಬಾರದು, ಕಾಡು ಬರುತ್ತದೆ. 1968ನೆಯ ಇಸವಿಯಲ್ಲಿ, ಅವನಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗ, ಗದ್ದೆಗೆ ಇಳಿಯುತ್ತಿದ್ದ ಮಿಗಗಳಿಗಾಗಿ ಅವನೂ ನೆರೆಮನೆಯ ಅವನ ಸ್ನೇಹಿತನೂ ಒಂದು ರಾತ್ರಿ ಮರಸು ಕೂತರು. ಅಜ್ಜಯ್ಯ ಒಂದು ಮರದಲ್ಲಿ, ಸ್ನೇಹಿತ ಇನ್ನೊಂದರಲ್ಲಿ. ಕೈಯಲ್ಲಿ ಕೇಪಿನ ಕೋವಿ, ಹಣೆಗೆ ಕಟ್ಟಿದ ಬ್ಯಾಟರಿ. ನಡುರಾತ್ರಿ ಕಳೆದ ಮೇಲೆ ಬೆಳಕಿಗೆ ಎರಡು ಕಣ್ಣು ಹೊಳೆದವು. ಅಜ್ಜಯ್ಯ ಈಡು ಹೊಡೆದ. ಜಿಂಕೆ ಓಡಿತು. ಅದರಾಚೆ ಕತ್ತಲಲ್ಲಿ ಒಬ್ಬ ಮನುಷ್ಯ ಕೂಗಿದ. ಸ್ನೇಹಿತ ಯಾಕೋ ಮರ ಇಳಿದು ಈಚೆ ನಡೆದು ಬರುತ್ತಿದ್ದನಂತೆ. ಗುಂಡು ಮೊಣಕಾಲಿಗೆ ತಾಗಿತ್ತು. ಆತ ಬದುಕಿದ, ಆದರೆ ಆ ಕಾಲು ನೆಟ್ಟಗಾಗಲಿಲ್ಲ. ನಾನು ಸಣ್ಣವನಾಗಿದ್ದಾಗ ಹಬ್ಬಕ್ಕೆ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಅಜ್ಜಯ್ಯನ ಜೊತೆ ಎಲೆಯಡಿಕೆ ಹಾಕುತ್ತಿದ್ದ ಆ ಕುಂಟಜ್ಜನನ್ನು ನಾನೂ ಕಂಡಿದ್ದೇನೆ. ಇಬ್ಬರೂ ಮಳೆ, ಅಡಿಕೆಯ ದರ, ಕೊಳೆರೋಗ ಎಲ್ಲವನ್ನೂ ಮಾತಾಡುತ್ತಿದ್ದರು. ಆ ರಾತ್ರಿಯ ಮಾತು ಮಾತ್ರ ಎತ್ತಿದ್ದನ್ನು ನಾನು ಕೇಳಲಿಲ್ಲ. ಅಜ್ಜಯ್ಯ ಮತ್ತೆ ಕೋವಿ ಮುಟ್ಟಲಿಲ್ಲ. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ, "ಬರಿ, ಹೆಸರು ಹಾಕಬೇಡ" ಎಂದಿದ್ದಾನೆ.

ಆದುದರಿಂದ ಇರುಳು ಬೇಟೆಯನ್ನು ಅಪಾಯವಿಲ್ಲದಂತೆ ಆಡುವ ಕಟ್ಟಳೆಗಳಿವೆ ಎಂದು ಕೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಆ ಮೊಕದ್ದಮೆಯ ತೀರ್ಪುಗಳನ್ನು ಹುಡುಕಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ನನಗೆ ತಿಳಿದಷ್ಟನ್ನು ಇಲ್ಲಿ ನಿರೂಪಿಸುತ್ತೇನೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದಲ್ಲಿ, ಸುಪೀರಿಯರ್ ಎಂಬ ಮಹಾಸರೋವರದ ಸುತ್ತ ಒಜಿಬ್ವೆ ಎಂಬ ಜನರಿದ್ದಾರೆ. ಸರ್ಕಾರದ ಕಾಗದಗಳಲ್ಲಿ ಅವರ ಹೆಸರು ಚಿಪ್ಪೆವಾ. ಅವರು ತಮ್ಮನ್ನು ಅನಿಶಿನಾಬೆ ಎಂದು ಕರೆದುಕೊಳ್ಳುತ್ತಾರೆ. ಮೀನು, ಜಿಂಕೆ, ಸರೋವರಗಳಲ್ಲಿ ತಾನಾಗಿ ಬೆಳೆಯುವ ಕಾಡುಭತ್ತ, ಇವು ಅವರ ಹಿಂದಿನ ಬಾಳಿನ ಆಧಾರ. ರಾತ್ರಿಯಲ್ಲಿ ಬೆಳಕು ಹಿಡಿದು ಬೇಟೆಯಾಡುವುದು ಅವರಿಗೆ ಹೊಸದಲ್ಲ. ಭೂರ್ಜದ ತೊಗಟೆಯ ದೊಂದಿ ಹಿಡಿದು, ಭೂರ್ಜದ ತೊಗಟೆಯ ದೋಣಿಯಲ್ಲಿ ಸದ್ದಿಲ್ಲದೆ ತೇಲಿ, ನೀರಿಗೆ ಬಂದ ಜಿಂಕೆಯನ್ನೂ ಮೀನನ್ನೂ ಹಿಡಿಯುವುದು ಹಳೆಯ ಪದ್ಧತಿ. ಈ ದೊಂದಿಗಳನ್ನು ಕಂಡ ಫ್ರೆಂಚರು ಒಂದು ಊರಿಗೆ ಲಾಕ್ ಡು ಫ್ಲಾಂಬೊ, ಎಂದರೆ ಪಂಜಿನ ಸರೋವರ, ಎಂದೇ ಹೆಸರಿಟ್ಟರು. ನಮ್ಮ ಕಡೆ ಮುಂಗಾರಿನ ಮೊದಲ ಮಳೆಗೆ ಗದ್ದೆಗೆ ಏರಿಬರುವ ಹತ್ತುಮೀನನ್ನು ದೊಂದಿಯ ಬೆಳಕಿನಲ್ಲಿ ಕಡಿಯುವುದನ್ನು ಕಂಡವರಿಗೆ ಇದರ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ.

1837ರಲ್ಲಿಯೂ 1842ರಲ್ಲಿಯೂ ಈ ಜನರು ತಮ್ಮ ವಿಶಾಲವಾದ ಭೂಮಿಯನ್ನು ಒಪ್ಪಂದದ ಮೂಲಕ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಸರ್ಕಾರಕ್ಕೆ ಬೇಕಾದದ್ದು ಪೈನ್ ಮರ ಮತ್ತು ತಾಮ್ರ. ಬಿಟ್ಟುಕೊಡುವಾಗ ಒಂದನ್ನು ಮಾತ್ರ ಉಳಿಸಿಕೊಂಡರು: ಆ ನೆಲದಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡುಭತ್ತ ಕೂಡಿಸುವ ಹಕ್ಕು. ಇಲ್ಲಿ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಇದು ಸರ್ಕಾರ ಅವರಿಗೆ ದಯಪಾಲಿಸಿದ ರಿಯಾಯಿತಿಯಲ್ಲ. ಮಾರಾಟದಲ್ಲಿ ಮಾರದೆ ಉಳಿಸಿಕೊಂಡ ಭಾಗ. ಜಮೀನು ಮಾರಿದವನು ಬಾವಿಯ ನೀರಿನ ಹಕ್ಕನ್ನು ಕ್ರಯಪತ್ರದಲ್ಲಿಯೇ ತನಗೆ ಬರೆಸಿಕೊಂಡಂತೆ.

ಆದರೆ ಕಾಗದದ ಮೇಲಿನ ಹಕ್ಕು ಬಹುಕಾಲ ಕಾಗದದ ಮೇಲೆಯೇ ಇತ್ತು. ವಿಸ್ಕಾನ್ಸಿನ್ ಸಂಸ್ಥಾನವು ತನ್ನ ಬೇಟೆಯ ಕಾನೂನನ್ನು ಅವರ ಮೇಲೂ ಹೇರಿ, ಮೀಸಲು ಪ್ರದೇಶದ ಹೊರಗೆ ಸಿಕ್ಕಿದವರಿಗೆ ದಂಡ ಹಾಕುತ್ತಿತ್ತು. 1974ರಲ್ಲಿ ಲಾಕ್ ಕೂರ್ಟ್ ಒರೈ ಪಂಗಡದ ಇಬ್ಬರು ಅಣ್ಣತಮ್ಮಂದಿರು ಮೀಸಲು ಪ್ರದೇಶದ ಗೆರೆಯಾಚೆ ಈಟಿಯಿಂದ ಮೀನು ಹಿಡಿದು, ತಾವಾಗಿ ಮೊಕದ್ದಮೆಗೆ ಒಡ್ಡಿಕೊಂಡರು. 1983ರಲ್ಲಿ ಮೇಲ್ಮನವಿ ನ್ಯಾಯಾಲಯವು ಒಪ್ಪಂದದ ಹಕ್ಕು ಅಳಿದಿಲ್ಲವೆಂದು ತೀರ್ಮಾನಿಸಿತು. ಮರುವರ್ಷ, 1984ರಲ್ಲಿ, ಬುಡಕಟ್ಟುಗಳು ಕೂಡಿ ಮಹಾಸರೋವರಗಳ ಇಂಡಿಯನ್ ಮೀನು ಮತ್ತು ವನ್ಯಜೀವಿ ಆಯೋಗವೆಂಬ ಸಂಸ್ಥೆಯನ್ನು ಕಟ್ಟಿಕೊಂಡವು. ಅದಕ್ಕೆ ತನ್ನದೇ ಜೀವಶಾಸ್ತ್ರಜ್ಞರಿದ್ದಾರೆ, ತನ್ನದೇ ಕಾವಲುಗಾರರಿದ್ದಾರೆ. ಹಕ್ಕು ಬಂದೊಡನೆ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ತಮಗೆ ತಾವೇ ನಿಯಮ ಬರೆದುಕೊಂಡದ್ದು. ಆ ದಶಕದ ಕೊನೆಯಲ್ಲಿ ಮೀನು ಹಿಡಿಯಲು ಹೋದ ಒಜಿಬ್ವೆಗಳ ಮೇಲೆ ದೋಣಿಕಟ್ಟೆಗಳಲ್ಲಿ ಕಲ್ಲು ತೂರಿದ ದುಃಖದ ಕಥೆಯೂ ಇದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಮೀನಿನ ಜಗಳ ತೀರಿತು, ಜಿಂಕೆಯದು ಉಳಿಯಿತು. ಇಂಥ ಹಕ್ಕನ್ನು ಸಂಸ್ಥಾನವು ತನಗೆ ತೋಚಿದಂತೆ ಕತ್ತರಿಸಲಾಗದು. ಪ್ರಾಣಿಸಂಪತ್ತಿನ ರಕ್ಷಣೆಗೋ ಜನರ ಆರೋಗ್ಯ ಮತ್ತು ಸುರಕ್ಷತೆಗೋ ಅಗತ್ಯವಾದಷ್ಟು ಮಾತ್ರ ನಿರ್ಬಂಧಿಸಬಹುದು. ಬೆಳಕು ಬಿಟ್ಟು ರಾತ್ರಿ ಜಿಂಕೆ ಹೊಡೆಯುವುದು ಜನರ ಜೀವಕ್ಕೆ ಅಪಾಯವೆಂದು ಸಂಸ್ಥಾನವು ವಾದಿಸಿತು. ಜಿಲ್ಲಾ ನ್ಯಾಯಾಧೀಶೆ ಬಾರ್ಬರಾ ಕ್ರ್ಯಾಬ್ ಅವರು ಅದನ್ನು ಒಪ್ಪಿದರು. 1991ರ ಅಂತಿಮ ತೀರ್ಪಿನಲ್ಲಿ ಆ ನಿಷೇಧ ಉಳಿಯಿತು. ಬುಡಕಟ್ಟುಗಳ ಇತರ ಹಕ್ಕುಗಳನ್ನು ಎತ್ತಿಹಿಡಿದವರೂ ಇದೇ ನ್ಯಾಯಾಧೀಶೆ ಎಂಬುದನ್ನು ಮರೆಯಬಾರದು. ಇದನ್ನು ಮೊದಲು ಓದಿದಾಗ ನಾನು ಸಂಸ್ಥಾನದ ಪಕ್ಷದಲ್ಲಿಯೇ ಇದ್ದೆ. ಕುಂಟಜ್ಜನ ಕಾಲನ್ನು ಕಂಡ ಹುಡುಗ ಬೇರೆ ಯಾವ ಪಕ್ಷ ಹಿಡಿದಾನು?

ಇರುಳು ಬೇಟೆಯಲ್ಲಿ ಅಪಾಯವಿರುವುದು ನಿಜವಾಗಿ ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಿಂಕೆಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರವಿದೆ. ಮಂದ ಬೆಳಕನ್ನು ಅದು ಮರಳಿ ಕಣ್ಣೊಳಗೇ ಹಾಯಿಸುವುದರಿಂದ ಜಿಂಕೆಗೆ ಕತ್ತಲಲ್ಲಿ ಹೆಚ್ಚು ಕಾಣುತ್ತದೆ. ನಾವು ಬ್ಯಾಟರಿ ಬಿಟ್ಟಾಗ ಹಿಂದಕ್ಕೆ ಹೊಳೆಯುವುದು ಆ ಪದರವೇ. ದನ, ಬೆಕ್ಕು, ನಾಯಿಗಳಿಗೂ ಅದು ಉಂಟು. ಮನುಷ್ಯನಿಗೆ ಇಲ್ಲ. ಆದುದರಿಂದ ಜಿಂಕೆ ಎಷ್ಟೇ ದೂರವಿದ್ದರೂ ಎರಡು ಕಿಡಿಗಳಾಗಿ ತನ್ನನ್ನು ತಾನೇ ತೋರಿಸಿಕೊಡುತ್ತದೆ, ಅದರ ಹಿಂದೆ ನಿಂತ ಮನುಷ್ಯ ತೋರುವುದೇ ಇಲ್ಲ. ಬೇಟೆಗಾರನ ಕಣ್ಣು ಆ ಹೊಳಪಿನಲ್ಲಿ ನೆಟ್ಟು, ಬೆಳಕಿನ ಅಂಚಿನಾಚೆಗೆ ಪೂರ್ತಿ ಕುರುಡಾಗುತ್ತದೆ. ಇನ್ನು ಗುಂಡಿನ ಸ್ವಭಾವ. ಇಂದಿನ ರೈಫಲಿನ ಗುಂಡು ಗುರಿ ತಪ್ಪಿದರೆ, ತಡೆಯುವುದೇನೂ ಇಲ್ಲದಿದ್ದರೆ, ಮೈಲಿಗಟ್ಟಲೆ ಹೋಗಬಲ್ಲದು. ಕೆಲವು ವೇಳೆ ಜಿಂಕೆಯ ಮೈಯನ್ನು ತೂರಿಕೊಂಡೂ ಹೋಗುತ್ತದೆ. ಹಗಲಿನಲ್ಲಿ ಬೇಟೆಗಾರನು ಜಿಂಕೆಯನ್ನೂ ಅದರ ಹಿಂದಿನದನ್ನೂ ಒಂದೇ ನೋಟಕ್ಕೆ ನೋಡುತ್ತಾನೆ. ರಾತ್ರಿ ಜಿಂಕೆಯನ್ನು ಮಾತ್ರ ನೋಡುತ್ತಾನೆ. ಕತ್ತಲೆಯ ಅಪಾಯವೆಲ್ಲ ಇಷ್ಟರಲ್ಲಿದೆ.

ಒಜಿಬ್ವೆಗಳ ಆಯೋಗ ಬರೆದ ಕಟ್ಟಳೆಗಳು ನೇರವಾಗಿ ಈ ಮರ್ಮಕ್ಕೆ ಕೈ ಹಾಕುತ್ತವೆ. ರಾತ್ರಿ ಬೇಟೆಗೆ ಹೋಗಬಯಸುವವನು ಅದಕ್ಕೆಂದೇ ಏರ್ಪಡಿಸಿದ ತರಬೇತಿ ಪಡೆಯತಕ್ಕದ್ದು. ಕತ್ತಲಲ್ಲಿ ಗುರಿ ಹೊಡೆದು ತೋರಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದು. ಇವೆರಡೂ ಯಾರಿಗಾದರೂ ಹೊಳೆಯುವಂಥವು. ನನ್ನನ್ನು ತಡೆದು ನಿಲ್ಲಿಸಿದ್ದು ಮೂರನೆಯದು. ಬೇಟೆಗಾರನು ತಾನು ಹೋಗಲಿರುವ ಜಾಗಕ್ಕೆ ಮೊದಲೇ ಹಗಲಿನಲ್ಲಿ ಹೋಗಿ ನೋಡಬೇಕು. ತಾನು ಕೂರುವ ತಾಣ ಯಾವುದು, ಅಲ್ಲಿಂದ ಯಾವ ದಿಕ್ಕಿಗೆ ಹೊಡೆದರೆ ಕ್ಷೇಮ, ಯಾವ ದಿಕ್ಕಿಗೆ ಹೊಡೆಯಲೇಬಾರದು, ಮನೆ ಎಲ್ಲಿ, ರಸ್ತೆ ಎಲ್ಲಿ ಎಂಬುದನ್ನೆಲ್ಲ ಗುರುತಿಸಿ ಒಂದು ಯೋಜನೆ ಬರೆದು ಒಪ್ಪಿಗೆ ಪಡೆಯಬೇಕು. ಗುಂಡು ಹೋಗುವ ದಿಕ್ಕಿನಲ್ಲಿ ಅದನ್ನು ನುಂಗಿಕೊಳ್ಳುವ ಮಣ್ಣಿನ ತಡೆ ಇರಲೇಬೇಕು. ರಾತ್ರಿ ಬಂದ ಮೇಲೆ ಗೊತ್ತುಮಾಡಿದ ತಾಣ ಬಿಟ್ಟು ಅಲೆಯುವಂತಿಲ್ಲ. ಬೆಳಕನ್ನು ಹೊಡೆಯುವ ಜಾಗದಲ್ಲಿ ಬಳಸಬಹುದೇ ಹೊರತು, ವಾಹನದಲ್ಲಿ ಕೂತು ಕಾಡೆಲ್ಲ ಬೆಳಕು ಬಿಟ್ಟುಕೊಂಡು ಹೋಗಿ ಕಣ್ಣು ಕಂಡಲ್ಲಿ ಹೊಡೆಯುವುದಲ್ಲ.

ಈ ನಿಯಮಗಳ ಹಿಂದಿನ ಬುದ್ಧಿಯನ್ನು ನೋಡಿ. ಕತ್ತಲಲ್ಲಿ ಏನು ಕಾಣುವುದಿಲ್ಲವೋ ಅದನ್ನು ಕತ್ತಲಾಗುವ ಮೊದಲೇ ಕಂಡುಕೊಂಡಿರಬೇಕು. ರಾತ್ರಿ ಅವನು ತೀರ್ಮಾನಿಸಬೇಕಾದದ್ದು ಹೊಡೆಯುವುದೋ ಬಿಡುವುದೋ ಎಂಬುದಷ್ಟೇ. ಎಲ್ಲಿಗೆ ಹೊಡೆಯುವುದೆಂಬುದು ಹಗಲಿನಲ್ಲಿಯೇ ತೀರ್ಮಾನವಾಗಿದೆ. ಎತ್ತರದ ಅಟ್ಟಣೆಯಿಂದ ಕೆಳಕ್ಕೆ ಹೊಡೆದರೆ ತಪ್ಪಿದ ಗುಂಡು ನೆಲಕ್ಕೆ ಹೊಗುತ್ತದೆ ಎಂಬ ಮಾತು ನಮ್ಮ ಮರಸಿನವರಿಗೂ ಗೊತ್ತಿತ್ತು. ಆದರೆ ಮರ ಗಿಡ್ಡವಾಗಿ, ಜಿಂಕೆ ದೂರವಾಗಿದ್ದರೆ ಗುಂಡು ನೆಲವನ್ನು ಸವರಿಕೊಂಡೇ ಹೋಗುತ್ತದೆ. ಇಳಿಜಾರಿದ್ದರಂತೂ ನೆಲವೇ ಅದಕ್ಕೆ ಸಿಗುವುದಿಲ್ಲ.

ಕೇಸು ಮತ್ತೆ ಎದ್ದದ್ದು ಹೀಗೆ. 2012ರಲ್ಲಿ ವಿಸ್ಕಾನ್ಸಿನ್ ಶಾಸನಸಭೆಯು ತೋಳಗಳನ್ನು ರಾತ್ರಿಯಲ್ಲಿಯೂ ಹೊಡೆಯಬಹುದೆಂದು ಕಾನೂನು ಮಾಡಿತು. ತೋಳವನ್ನು ಒಡಹುಟ್ಟಿದವನೆಂದು ಭಾವಿಸುವ ಒಜಿಬ್ವೆಗಳಿಗೆ ಅದೇ ಒಂದು ನೋವು. ಅದರ ಮೇಲೆ ಅವರು ಕೇಳಿದ ಪ್ರಶ್ನೆ ಬಹಳ ಸರಳವಾದದ್ದು: ತೋಳಕ್ಕೆ ರಾತ್ರಿ ಹೊಡೆದ ಗುಂಡು ಅಪಾಯವಲ್ಲವಾದರೆ ಜಿಂಕೆಗೆ ಹೊಡೆದದ್ದು ಹೇಗೆ ಅಪಾಯ? ಇದಲ್ಲದೆ, 2002ರಲ್ಲಿ ಆ ಸಂಸ್ಥಾನದ ಜಿಂಕೆಗಳಲ್ಲಿ ಮಿದುಳನ್ನು ತಿನ್ನುವ ಒಂದು ರೋಗ ಕಂಡುಬಂದಾಗ, ಅದನ್ನು ತಡೆಯಲೆಂದು ಸಂಸ್ಥಾನದ ನೌಕರರೇ ರಾತ್ರಿಯಲ್ಲಿ ಬೆಳಕು ಬಿಟ್ಟು ಜಿಂಕೆ ಹೊಡೆದಿದ್ದರು. ಬುಡಕಟ್ಟುಗಳು ತಮ್ಮ ಕಟ್ಟಳೆಗಳನ್ನು ಮುಂದಿಟ್ಟು ಹಳೆಯ ತೀರ್ಪನ್ನು ಸಡಿಲಿಸಬೇಕೆಂದು ಬೇಡಿದವು. 2013ರಲ್ಲಿ ಕ್ರ್ಯಾಬ್ ಅವರು ಒಪ್ಪಲಿಲ್ಲ. 2014ರ ಅಕ್ಟೋಬರಿನಲ್ಲಿ ಷಿಕಾಗೋದ ಮೇಲ್ಮನವಿ ನ್ಯಾಯಾಲಯವು, ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಅವರು ಬರೆದ ತೀರ್ಪಿನಲ್ಲಿ, ಅದನ್ನು ತಳ್ಳಿಹಾಕಿತು. ನೆರೆಯ ಮಿನ್ನೆಸೋಟ, ಮಿಷಿಗನ್, ದೂರದ ವಾಷಿಂಗ್ಟನ್, ಒರೆಗಾನ್ ಸಂಸ್ಥಾನಗಳಲ್ಲಿ ಬುಡಕಟ್ಟಿನವರು ರಾತ್ರಿ ಜಿಂಕೆಬೇಟೆ ಆಡುತ್ತಿರುವ ಅನುಭವವನ್ನು ಆ ತೀರ್ಪು ಎತ್ತಿಹೇಳುತ್ತದೆ. ಅಪಾಯವುಂಟೆಂದು ತೋರಿಸುವ ಹೊಣೆ ಸಂಸ್ಥಾನದ್ದೆಂದೂ ಹೇಳುತ್ತದೆ. 2015ರ ಅಕ್ಟೋಬರಿನಲ್ಲಿ ಕ್ರ್ಯಾಬ್ ಅವರೇ ಇರುಳು ಬೇಟೆಗೆ ದಾರಿ ತೆರೆದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಿಂತಿದ್ದ ತಮ್ಮ ಆದೇಶವನ್ನು ತಮ್ಮ ಕೈಯಿಂದಲೇ ಬದಲಿಸಬೇಕಾಯಿತು. ಅಂಥ ಪ್ರಸಂಗ ಎಲ್ಲ ನ್ಯಾಯಾಧೀಶರಿಗೂ ಒದಗುವುದಿಲ್ಲ.

ಇಂಥದೇ ಇನ್ನೊಂದು ಮೊಕದ್ದಮೆ ಕೆನಡಾದಲ್ಲಿ ನಡೆದಿದೆ. ಪಶ್ಚಿಮ ತೀರದ ವ್ಯಾಂಕೂವರ್ ದ್ವೀಪದಲ್ಲಿ ತ್ಸಾರ್ಟ್‌ಲಿಪ್ ಪಂಗಡದ ಇಬ್ಬರು 1996ರ ಒಂದು ರಾತ್ರಿ ಜಿಂಕೆಗೆ ಗುಂಡು ಹೊಡೆದರು. ಆ ಜಿಂಕೆ ಜಿಂಕೆಯಾಗಿರಲಿಲ್ಲ. ಕಳ್ಳ ಬೇಟೆಗಾರರನ್ನು ಹಿಡಿಯಲು ಅಧಿಕಾರಿಗಳು ನಿಲ್ಲಿಸಿದ್ದ ಯಂತ್ರದ ಬೊಂಬೆ! (ನಮ್ಮ ರಾಮಾಯಣದ ಮಾಯಾಮೃಗ ಅಲ್ಲಿಯೂ ಸುಳಿದಿದೆ.) ಅವರಿಗೆ 1852ರ ಒಪ್ಪಂದದ ಆಧಾರವಿತ್ತು. 2006ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರಲ್ಲಿ ನಾಲ್ವರು, ರಾತ್ರಿಯಲ್ಲಿ ಬೆಳಕಿನೊಡನೆ ಬೇಟೆಯಾಡುವುದು ಒಪ್ಪಂದದೊಳಗಿನ ಹಕ್ಕೆಂದೂ, ಅಪಾಯವಿರುವ ಕಡೆ ಇಲ್ಲದ ಕಡೆ ಎಂದು ನೋಡದೆ ಎಲ್ಲೆಡೆ ಒಂದೇ ನಿಷೇಧ ಹೇರಿದ್ದು ಅತಿಯಾಯಿತೆಂದೂ ಹೇಳಿ ಅವರನ್ನು ಬಿಡುಗಡೆ ಮಾಡಿದರು. ಮೂವರು ಒಪ್ಪಲಿಲ್ಲ, ಕತ್ತಲಲ್ಲಿ ಗುಂಡು ಹೊಡೆಯುವುದು ಸ್ವಭಾವತಃ ಅಪಾಯ, ಅಪಾಯಕರವಾಗಿ ಬೇಟೆಯಾಡುವ ಹಕ್ಕನ್ನು ಯಾವ ಒಪ್ಪಂದವೂ ಕೊಡಲಾರದು ಎಂದರು. ಆ ಮೂವರ ಮಾತನ್ನು ಓದುವಾಗ ನನಗೆ ಅದನ್ನು ಸುಲಭವಾಗಿ ದಾಟಿಹೋಗಲು ಆಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅಲ್ಲಿ ಒಜಿಬ್ವೆಗಳದರಂತೆ ಬರೆದಿಟ್ಟ ಕಟ್ಟಳೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತೆಂದು ಅನಿಸಿತು.

ಇಷ್ಟನ್ನು ಓದಿ ನಮ್ಮಲ್ಲಿ ಯಾರೂ ಬ್ಯಾಟರಿ ಹುಡುಕಬಾರದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಜಿಂಕೆ, ಕಡವೆಗಳನ್ನು ಹಗಲಾಗಲಿ ರಾತ್ರಿಯಾಗಲಿ ಹೊಡೆಯುವುದು ಅಪರಾಧ. 2006ರ ಅರಣ್ಯ ಹಕ್ಕು ಕಾಯಿದೆಯು ಕಾಡಿನ ಜನರಿಗೆ ಹಲವು ಹಕ್ಕುಗಳನ್ನು ಕೊಟ್ಟಿತಾದರೂ ಬೇಟೆಯ ಹಕ್ಕನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯದ ಅರಣ್ಯ ಹಕ್ಕು ಪಡೆದದ್ದು ಜೇನು, ನೆಲ್ಲಿಕಾಯಿಗಳಂಥ ಉತ್ಪನ್ನಗಳಿಗೆ. ವಿಸ್ಕಾನ್ಸಿನ್ನಿನಲ್ಲಿ ಬೇಟೆಗಾರರು ವರ್ಷಕ್ಕೆ ಲಕ್ಷಗಟ್ಟಲೆ ಜಿಂಕೆ ಹೊಡೆದರೂ ಸಂತತಿ ತಗ್ಗದು. ನಮ್ಮ ಕಾಡಿನ ಲೆಕ್ಕ ಬೇರೆ. ನಾನು ಒಜಿಬ್ವೆಗಳಿಂದ ಕಲಿತದ್ದು ಬೇಟೆಯನ್ನಲ್ಲ. ಅಪಾಯವಿದೆ ಎಂದು ಹೊರಗಿನವರು ಒಂದು ಬಾಗಿಲು ಮುಚ್ಚಿದಾಗ, ಅಪಾಯವೇ ಇಲ್ಲವೆಂದು ಅವರು ಕೂಗಾಡಲಿಲ್ಲ. ಅದು ಎಲ್ಲಿದೆ ಎಂದು ಹುಡುಕಿ, ಅದರ ಮೇಲೆ ತಾವೇ ಕಾವಲು ಹಾಕಿ ತೋರಿಸಿದರು. ನಾನು ಪಕ್ಷ ಬದಲಿಸಿದ್ದು ಅದರಿಂದ.

ದಸರಾ ರಜಕ್ಕೆ ಊರಿಗೆ ಹೋದಾಗ ಈ ಕಟ್ಟಳೆಗಳನ್ನು ಅಜ್ಜಯ್ಯನಿಗೆ ಒಂದೊಂದಾಗಿ ಹೇಳಿದೆ. ಪರೀಕ್ಷೆಯ ಮಾತಿಗೆ ನಕ್ಕ. ಹಗಲಿನಲ್ಲಿ ಹೋಗಿ ನೋಡಬೇಕೆಂಬಲ್ಲಿ ನಗು ನಿಂತಿತು.

"ಹಗಲೊತ್ತು ಹೋಗಿ ನೋಡ್ಕಂಡು ಬಾ ಅಂತ ಅವ್ರಿಗೆ ಕೋರ್ಟಿನೋರು ಬರ್ಕೊಟ್ರಾ?"

"ಇಲ್ಲ ಅಜ್ಜಯ್ಯ, ಅವ್ರೇ ಬರ್ಕಂಡಿದ್ದು. ಗುಂಡಿನ ಹಿಂದೆ ಮಣ್ಣಿರ್ಬೇಕು ಅಂತಾನೂ ಬರ್ಕಂಡಿದಾರೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವೂ ಹಗಲಲ್ಲಿ ಹೋಗಿದ್ವು ಮಾರಾಯ. ಹೆಜ್ಜೆ ನೋಡಿದ್ವು, ಮರ ನೋಡಿದ್ವು. ಹಿಂದೆ ಏನಿದೆ ಅಂತ ನೋಡ್ಲಿಲ್ಲ" ಎಂದ.

ಮಾರನೆಯ ದಿನ ಬೆಳಗ್ಗೆ ಕಾಫಿ ಕುಡಿದು, ದೊಣ್ಣೆ ಊರಿಕೊಂಡು, "ಬಾ" ಎಂದು ನನ್ನನ್ನು ಕರೆದುಕೊಂಡು ಹೋದ. ಅಲ್ಲಿ ಗದ್ದೆಯಿದ್ದದ್ದು ಈಗ ಅಡಿಕೆತೋಟವಾಗಿದೆ. ಅವನು ಕೂತಿದ್ದ ಮರವೂ ಇಲ್ಲ. ಆದರೂ ಒಂದು ಜಾಗದಲ್ಲಿ ನಿಂತು, ಇಲ್ಲಿ ನಾನು, ಅಲ್ಲಿ ಮಿಗ, ಅದರಾಚೆ ಅವನು ಎಂದು ದೊಣ್ಣೆಯಿಂದ ತೋರಿಸಿದ. ನಾನು ಹೆಜ್ಜೆ ಹಾಕಿ ಅಳೆದೆ. ಅವನಿಂದ ಮಿಗಕ್ಕೆ ನಲವತ್ತೆರಡು ಹೆಜ್ಜೆ, ಮಿಗದಿಂದ ಆಚೆಗೆ ಹದಿನೆಂಟು. ಮಿಗ ನಿಂತಿದ್ದ ಜಾಗದ ಹಿಂದೆ ನೆಲ ಹಳ್ಳದ ಕಡೆಗೆ ಇಳಿಯುತ್ತದೆ. ಎತ್ತರವಾದ ಮಣ್ಣಿನ ದಿಣ್ಣೆಯೊಂದಿದೆ. ಅದು ಎಡಕ್ಕೆ, ಇಪ್ಪತ್ತು ಮಾರು ದೂರದಲ್ಲಿ.